ಕಲ್ಲುಕಂಬದ ಮೇಲೆ ಕುಳಿತ ಓತಿ

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ಬಯಲುಸೀಮೆಯ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ. ಒಬ್ಬ ಸುಳ್ಳನಿಗೆ ಇನ್ನೊಬ್ಬ ಸುಳ್ಳ ಸಾಕ್ಷಿ ನಿಲ್ಲುವುದನ್ನು ಹಂಗಿಸುವ ಮಾತು ಅದು. ಆದರೆ ಗಾದೆ ಕಟ್ಟಿದವರು ಪ್ರಾಣಿಯೊಂದನ್ನು ಅದರ ನೆಲೆಯಿಂದ ಬೇರ್ಪಡಿಸದೆ ನೋಡಿದ್ದರು ಎಂಬುದೂ ಅಷ್ಟೇ ನಿಜ. ಓತಿಯನ್ನು ನೆನೆದರೆ ಬೇಲಿ ನೆನಪಾಗಬೇಕು, ಬೇಲಿಯನ್ನು ನೋಡಿದರೆ ಓತಿ ಕಾಣಬೇಕು. ಆ ಕಾಲದ ಬೇಲಿಯಾದರೂ ಕಳ್ಳಿ, ಕತ್ತಾಳೆ, ಲಂಟಾನ, ಹೊಂಗೆಗಳು ಹೆಣೆದುಕೊಂಡ ಜೀವಂತ ಬೇಲಿ.

ತುಮಕೂರಿನಿಂದ ಕುಣಿಗಲ್ ಕಡೆಗೋ ಗುಬ್ಬಿಯ ಕಡೆಗೋ ಬಸ್ಸಿನಲ್ಲಿ ಹೊರಟವರು ಕಿಟಕಿಯಿಂದ ನೋಡಿದರೆ ಅಂಥ ಬೇಲಿ ಈಗ ಅಪರೂಪ. ತೋಟದ ಸುತ್ತ, ಬಡಾವಣೆಯ ಸುತ್ತ, ಕಾರ್ಖಾನೆಗೆಂದು ಕೊಂಡಿಟ್ಟ ಖಾಲಿ ನೆಲದ ಸುತ್ತ ಸಾಲುಗಟ್ಟಿ ನಿಂತಿರುವುದು ಸೀಳಿದ ಕಲ್ಲಿನ ಕಂಬಗಳು, ಅವುಗಳ ನಡುವೆ ಮುಳ್ಳುತಂತಿ. ಓತಿಕ್ಯಾತ ಆ ಕಂಬವನ್ನೂ ಏರಿ ಕುಳಿತು ತಲೆಯಾಡಿಸುತ್ತಿರುತ್ತದೆ. ಅದನ್ನು ಕಂಡವರಿಗೆ ಸಮಾಧಾನ: ಬೇಲಿ ಬದಲಾದರೇನು, ಓತಿ ಹೊಂದಿಕೊಂಡಿತಲ್ಲ! ಈ ಸಮಾಧಾನವೇ ಅಪಾಯಕಾರಿ. ಏಕೆಂದರೆ ಆ ಕಂಬ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿಲ್ಲ. ಅದು ಬಂದದ್ದು ಇನ್ನೊಂದು ಓತಿಯ ಮನೆಯಿಂದ.

ಆ ಇನ್ನೊಂದು ಓತಿಯನ್ನು ಕಾಣಲು ದೂರ ಹೋಗಬೇಕಿಲ್ಲ. ತುಮಕೂರು ನಗರದ ಅಂಚಿನ ಸಿದ್ಧಗಂಗೆಯ ಬೆಟ್ಟ, ಕ್ಯಾತ್ಸಂದ್ರದ ಆಚೆಯ ಮಂದಾರಗಿರಿ, ದೇವರಾಯನದುರ್ಗದ ಮೆಟ್ಟಿಲುಗಳ ಅಕ್ಕಪಕ್ಕ, ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಬೋಳು ಬೆನ್ನು, ಹೀಗೆ ಎಲ್ಲೆಲ್ಲಿ ಬರಿಬಂಡೆ ಬಿಸಿಲಿಗೆ ಮೈಯೊಡ್ಡಿದೆಯೋ ಅಲ್ಲೆಲ್ಲ ಅದು ಇರುತ್ತದೆ, ಅಥವಾ ಇರಬೇಕು. ಅದು ಬಂಡೆ ಓತಿ. ಮಳೆಗಾಲದ ಮುಂಚಿನಿಂದ ತೊಡಗಿ ಮಳೆಗಾಲದುದ್ದಕ್ಕೂ ಬೆದೆಯ ಕಾಲ. ಆಗ ಗಂಡಿನ ತಲೆ ಬೆನ್ನುಗಳು ಕೆಂಪೇರುತ್ತವೆ, ಪಕ್ಕೆ ಮತ್ತು ಕಾಲುಗಳು ಕಾಡಿಗೆಯಂತೆ ಕಪ್ಪಾಗುತ್ತವೆ. ಇನ್ನೊಂದು ಗಂಡು ಎದುರಾದರೆ ಕ್ಷಣಾರ್ಧದಲ್ಲಿ ಬೆನ್ನಿನ ಕೆಂಪು ಹಳದಿಗೆ ತಿರುಗುತ್ತದೆ. ಬಣ್ಣ ಬದಲಿಸುವ ಕಲೆಗೆ ವೀರಣ್ಣನವರ ನಾಟಕ ಕಂಪನಿಯಿಂದಾಗಿ ಗುಬ್ಬಿ ನಾಡಿನಲ್ಲೆಲ್ಲ ಹೆಸರಾಯಿತು. ಅದೇ ಜಿಲ್ಲೆಯ ಬಂಡೆಗಳ ಮೇಲೆ ಅದಕ್ಕಿಂತ ಚುರುಕಾದ ನಟನೊಬ್ಬ ಪ್ರೇಕ್ಷಕರಿಲ್ಲದೆ ಆಡುತ್ತಿದ್ದಾನೆ. ಹೆಣ್ಣು ಮತ್ತು ಮರಿಗಳು ಕಂದು ಬೂದು ಮಚ್ಚೆಯವು; ಅಲುಗದಿದ್ದರೆ ಬಂಡೆಯ ಮೇಲಿನ ಕಲ್ಲುಹೂವಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ವಿಜ್ಞಾನದಲ್ಲಿ ಇದರ ಹೆಸರು ಸಾಮೋಫಿಲಸ್ ಡಾರ್ಸಾಲಿಸ್. ಸಾಮೋಫಿಲಸ್ ಎಂದರೆ ಮರಳನ್ನು ಪ್ರೀತಿಸುವುದು ಎಂದರ್ಥ. ಬಂಡೆಯನ್ನು ಬಿಟ್ಟಿರಲಾರದ ಜೀವಿಗೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪಂಡಿತರು ಇಟ್ಟ ಹೆಸರು ಇದು. ಗಾದೆ ಕಟ್ಟಿದ ರೈತನ ಕಣ್ಣು ಇದಕ್ಕಿಂತ ನಿಖರವಾಗಿತ್ತು.

ಬೇಲಿ ಓತಿಗೂ ಬಂಡೆ ಓತಿಗೂ ಇರುವ ನಿಜವಾದ ವ್ಯತ್ಯಾಸ ಬಣ್ಣದ್ದಲ್ಲ, ಜಾಗವನ್ನು ಬಳಸುವ ಬಗೆಯದು. ಬೇಲಿ ಓತಿ ಹಲವು ನೆಲೆಗಳ ಜೀವಿ. ಪೊದೆ, ಮರ, ಗೋಡೆ, ಗೂಟ, ಉದ್ಯಾನದ ಗಿಡ, ಯಾವುದಾದರೂ ಸರಿ. ಒಂದು ಪೊದೆ ಕಡಿದರೆ ಪಕ್ಕದ ಪೊದೆಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಸಿಗುವ ಹುಲ್ಲು, ಮಣ್ಣು, ಕಸದ ರಾಶಿಯೂ ಅದಕ್ಕೆ ಒಂದು ಬಗೆಯ ನೆಲೆಯೇ. ಹೀಗಾಗಿ ಅದರ ಓಡಾಟದ ವಲಯ ಬೇಕಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಜರುಗುತ್ತದೆ. ಬಂಡೆ ಓತಿ ನೆಲೆಬದ್ಧ ಜೀವಿ. ಅದರ ವಲಯದ ಎಲ್ಲೆಯನ್ನು ಬಂಡೆಯೇ ಬರೆಯುತ್ತದೆ. ಬಂಡೆ ಮುಗಿದು ಹೊಲ ಶುರುವಾದಲ್ಲಿ ಅದರ ಪಾಲಿನ ಲೋಕವೂ ಹೆಚ್ಚುಕಡಿಮೆ ಮುಗಿಯುತ್ತದೆ.

ಇಷ್ಟನ್ನೇ ಹೇಳಿ ಬಿಟ್ಟರೆ ಬಂಡೆ ಎಂದರೆ ಒಂದು ಚಪ್ಪಟೆ ಜಾಗ, ಇಂತಿಷ್ಟು ಗುಂಟೆ, ಎಂಬ ಭಾವನೆ ಬಂದೀತು. ಓತಿಯ ಪಾಲಿಗೆ ಬಂಡೆ ಹಲವು ಅಂತಸ್ತಿನ ಮನೆ. ಓತಿಯ ಮೈಗೆ ಸ್ವಂತ ಒಲೆಯಿಲ್ಲ, ಶಾಖವನ್ನು ಹೊರಗಿನಿಂದ ಪಡೆಯಬೇಕು. ಬೆಳಗಿನ ಎಳೆಬಿಸಿಲಿಗೆ ಪೂರ್ವಕ್ಕೆ ವಾಲಿದ ಮುಖ ಬೇಕು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬರಿಗಾಲಿಡಲಾಗದಷ್ಟು ಬಂಡೆ ಕಾದಾಗ ಉರುಳುಗಲ್ಲಿನ ನೆರಳು ಬೇಕು. ಹಗಲು ಉಂಡ ಬಿಸಿಲನ್ನು ಸಂಜೆ ಮೆಲ್ಲಗೆ ಉಗುಳುವ ದಪ್ಪ ಕಲ್ಲು ಬೇಕು. ಬಿಜ್ಜು ಗಿಡುಗ ಮೇಲೆ ಸುಳಿದಾಗ ಒಂದೇ ಓಟಕ್ಕೆ ನುಸುಳಬಲ್ಲ, ಬೆರಳು ದಪ್ಪದ ಸಂದು ಬೇಕು. ಮೊಟ್ಟೆಯಿಡಲು ಬಂಡೆಯ ಬುಡದಲ್ಲಿ ಒಂದಿಷ್ಟು ಸಡಿಲ ಮಣ್ಣು ಬೇಕು. ಗಂಡು ಎತ್ತರದ ತುದಿಯನ್ನು ಹಿಡಿದು ಕೂರುತ್ತದೆ, ಅಲ್ಲಿಂದ ತನ್ನ ವಲಯವೂ ಕಾಣಬೇಕು, ತಾನೂ ಇತರರಿಗೆ ಕಾಣಬೇಕು. ಹೆಣ್ಣುಗಳು ಅದಕ್ಕಿಂತ ಕೆಳಗೆ, ಸಂದುಗಳ ಹತ್ತಿರ. ಒಂದು ಗಂಡಿನ ವಲಯದೊಳಗೆ ಹಲವು ಹೆಣ್ಣುಗಳ ವಲಯಗಳು ಬಂದು ಸೇರುತ್ತವೆ. ಇವೆಲ್ಲವೂ ಒಂದೆಡೆ ಕೂಡಿದ ಬಂಡೆ ಮಾತ್ರ ಓತಿಗೆ ಮನೆ. ಅಷ್ಟೇ ವಿಸ್ತಾರದ, ಆದರೆ ಸಂದಿಲ್ಲದ ನುಣುಪು ಬಂಡೆ ಅದಕ್ಕೆ ಬಯಲಿಗೆ ಸಮಾನ.

ಸೂರ್ಯ ಮುಳುಗಿದ ಮೇಲೆ ಅದೇ ಮನೆಗೆ ಬೇರೆ ಒಕ್ಕಲು ಬರುತ್ತದೆ. ಹಗಲೆಲ್ಲ ಪದರಗಲ್ಲಿನ ಅಡಿಯಲ್ಲಿ ಅಂಟಿಕೊಂಡಿದ್ದ ಬಂಡೆಹಲ್ಲಿಗಳು ಹೊರಬಂದು ಹುಳು ಹಿಡಿಯುತ್ತವೆ. ಬೆಂಗಳೂರಿನ ಸುತ್ತಮುತ್ತಲ ಕಲ್ಲುಬೆಟ್ಟಗಳ ಇಂಥ ಒಂದು ಹಲ್ಲಿಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿದ್ದು 2011ರಲ್ಲಷ್ಟೇ. ಅದಕ್ಕೆ ಹೆಮಿಡ್ಯಾಕ್ಟಿಲಸ್ ಗ್ರಾನಿಟಿಕೋಲಸ್, ಅಂದರೆ ಗ್ರಾನೈಟಿನ ನಿವಾಸಿ, ಎಂದು ಹೆಸರಿಟ್ಟರು. ಈ ಬಾರಿ ಹೆಸರು ಸರಿಯಾಗಿತ್ತು. ವಿಧಾನಸೌಧದಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಬಂಡೆಗಳ ಮೇಲೆ ಹೆಸರೇ ಇಲ್ಲದ ಜೀವಿಯೊಂದು ಇಪ್ಪತ್ತೊಂದನೆಯ ಶತಮಾನದವರೆಗೆ ಬದುಕಿತ್ತು ಎಂಬುದು ಬಂಡೆಯ ಬಗ್ಗೆ ಇರುವ ಉದಾಸೀನಕ್ಕೆ ಹಿಡಿದ ಕನ್ನಡಿ. ತೇಜಸ್ವಿಯವರ ‘ಕರ್ವಾಲೋ’ 1980ರಲ್ಲಿ ಬಂದ ಮೇಲೆ ಮಲೆನಾಡಿನ ಹಾರುವ ಓತಿಯ ಹೆಸರು ಕೇಳದ ವಿದ್ಯಾರ್ಥಿ ಇರಲಾರ. ಮರಕ್ಕೆ ಬದ್ಧವಾದ ಆ ಓತಿಗೆ ಸಿಕ್ಕ ಭಾಗ್ಯ ಬಂಡೆಗೆ ಬದ್ಧವಾದ ಈ ಓತಿ ಹಲ್ಲಿಗಳಿಗೆ ಸಿಗಲಿಲ್ಲ.

ಭೂಪಟದಲ್ಲಿ ನೋಡಿದರೆ ಬಂಡೆಗಳಿಗೇನು ಕೊರತೆ ಎನಿಸಬಹುದು. ಸುಮಾರು 250 ಕೋಟಿ ವರ್ಷ ಹಳೆಯದಾದ, ರಾಮನಗರದ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಹಾದು, ತುಮಕೂರು ಜಿಲ್ಲೆಯ ಪೂರ್ವ ಭಾಗವನ್ನು ಬಳಸಿ, ಮಧುಗಿರಿ ಪಾವಗಡಗಳತ್ತ ಸಾಗುತ್ತದೆ. ಆದರೆ ಅದು ಮಲೆನಾಡಿನ ಘಟ್ಟದಂತೆ ಅಖಂಡ ಸಾಲಲ್ಲ. ಇಲ್ಲೊಂದು ಗುಡ್ಡ, ಅಲ್ಲೊಂದು ಹಾಸುಬಂಡೆ, ನಡುವೆ ರಾಗಿ ಹೊಲ, ತೆಂಗಿನ ತೋಟ, ಕೆರೆಯ ಅಚ್ಚುಕಟ್ಟು. ಕಡಲಿನಲ್ಲಿ ದ್ವೀಪಗಳು ಇರುವಂತೆ ಹೊಲಗಳ ನಡುವೆ ಈ ಬಂಡೆಗಳಿವೆ. ದೊಡ್ಡ ದ್ವೀಪಗಳ ನಡುವೆ ಸಣ್ಣ ಸಣ್ಣ ದ್ವೀಪಗಳೂ ಇವೆ: ಹೊಲದ ಮಧ್ಯದ ಗುಂಡುಕಲ್ಲುಗಳು, ರೈತರು ಕಣ ಮಾಡಿಕೊಳ್ಳುತ್ತಿದ್ದ ಹಾಸುಗಲ್ಲುಗಳು, ಹೊಲದಿಂದ ಆಯ್ದು ಬದುವಿಗೆ ಪೇರಿಸಿದ ಕಲ್ಲುರಾಶಿಗಳು. ತಾಯಿಯ ವಲಯವನ್ನು ಬಿಟ್ಟು ಹೊಸ ನೆಲೆ ಹುಡುಕಿ ಹೊರಡುವ ಮರಿ ಓತಿಗಳಿಗೆ ಕಾಲೂರಲು ಇಂಥ ಕಲ್ಲುಗಳೇ ಬೇಕು. ಸಣ್ಣ ದ್ವೀಪ ಅಳಿದರೆ ದೊಡ್ಡ ದ್ವೀಪಗಳು ಒಂದಕ್ಕೊಂದು ಇನ್ನಷ್ಟು ದೂರವಾಗುತ್ತವೆ. ನಕ್ಷೆಯಲ್ಲಿ ದುರ್ಗ ಹಾಗೆಯೇ ನಿಂತಿರುತ್ತದೆ. ಅಲ್ಲಿಗೆ ಹೊಸಬರು ಬರುವ ದಾರಿ ಮಾತ್ರ ಮುಚ್ಚಿರುತ್ತದೆ.

ಕಂದಾಯದ ಭಾಷೆಯಲ್ಲಿ ಈ ಸಣ್ಣ ದ್ವೀಪಗಳಿಗೆ ಒಂದು ಹೆಸರಿದೆ: ಖರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳು ಸಾಗುವಳಿಗೆ ಒದಗದ ನೆಲವನ್ನು ‘ಅ’ ಖರಾಬು, ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದನ್ನು ‘ಬ’ ಖರಾಬು ಎಂದು ವಿಂಗಡಿಸುತ್ತವೆ. ನೇಗಿಲು ಇಳಿಯದ ನೆಲಕ್ಕೆ ತೆರಿಗೆ ಬೇಡ ಎಂಬ ನ್ಯಾಯವಾದ ಉದ್ದೇಶದಿಂದ ಹುಟ್ಟಿದ ಶಬ್ದ ಅದು. ಕಾಲಕ್ರಮದಲ್ಲಿ ಅದು ಕೆಟ್ಟ ನೆಲ, ಬೇಡದ ನೆಲ, ಒಡೆದರೂ ನಷ್ಟವಿಲ್ಲದ ನೆಲ ಎಂಬ ಅರ್ಥಕ್ಕೆ ಜಾರಿತು. ಗ್ರಾಮಸಭೆಯಲ್ಲಿ ಗೋಮಾಳಕ್ಕಾಗಿ ಜಗಳವಾಡುವ ಊರು ಬಂಡೆ ಖರಾಬಿಗಾಗಿ ಬಾಯಿ ತೆರೆಯುವುದು ವಿರಳ.

ಕಲ್ಲು ಒಡೆಯುವುದೇ ತಪ್ಪು ಎಂದು ವಾದಿಸುವುದು ಆತ್ಮವಂಚನೆಯಾದೀತು. ಈ ಸೀಮೆಯ ಮನೆಯ ಚಪ್ಪಡಿ, ಬಾಗಿಲ ಹೊಸ್ತಿಲು, ದನದ ಕೊಟ್ಟಿಗೆಯ ಕಂಬ, ದೇಗುಲದ ಮಂಟಪ ಎಲ್ಲವೂ ಬಂಡೆಯಿಂದ ಬಂದವೇ. ಕಲ್ಲುಕುಟಿಗರು ಬೆಂಕಿ ಹಾಕಿ, ಉಳಿ ಹೊಡೆದು, ಪದರ ಎಬ್ಬಿಸುತ್ತಿದ್ದಾಗ ಒಂದು ಬಂಡೆಯಿಂದ ತಲೆಮಾರುಗಟ್ಟಲೆ ಕಲ್ಲು ತೆಗೆಯುತ್ತಿದ್ದರು. ವ್ಯತ್ಯಾಸ ಬಂದಿರುವುದು ವೇಗದಲ್ಲಿ ಮತ್ತು ಹಸಿವಿನಲ್ಲಿ. ಬೆಂಗಳೂರಿನ ಕಟ್ಟಡಗಳು, ಕುಣಿಗಲ್ ಮೂಲಕ ಮಂಗಳೂರಿಗೂ ತುಮಕೂರು ಮೂಲಕ ಪುಣೆಗೂ ಸಾಗುವ ಹೆದ್ದಾರಿಗಳು ಜಲ್ಲಿ ಬೇಡುತ್ತವೆ. ನದಿಯ ಮರಳಿಗೆ ಬದಲಾಗಿ ಕಲ್ಲನ್ನೇ ಅರೆದು ಎಂ-ಸ್ಯಾಂಡ್ ಮಾಡುವ ಕಾಲ ಇದು. ನದಿಯನ್ನು ಉಳಿಸುವ ಸದುದ್ದೇಶದ ಭಾರವೂ ಕೊನೆಗೆ ಬಂಡೆಯ ಮೇಲೆಯೇ ಬಿತ್ತು.

ಇದರಲ್ಲಿ ಓತಿಗೆ ತಗಲುವ ಪೆಟ್ಟು ಕ್ವಾರಿಯ ಗುಂಡಿ ಆಳವಾಗುವವರೆಗೆ ಕಾಯುವುದಿಲ್ಲ. ಬಂಡೆಯ ಮೈ ಶತಶತಮಾನಗಳ ಬಿಸಿಲು ಮಳೆಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತದೆ. ಆ ಪದರಕ್ಕೂ ಕೆಳಗಿನ ಕಲ್ಲಿಗೂ ನಡುವೆ ಉಳಿಯುವ ಸಂದೇ ಓತಿ ಹಲ್ಲಿಗಳ ಕೋಣೆ. ಕಂಬಕ್ಕೆ, ಚಪ್ಪಡಿಗೆ ಸುಲಭವಾಗಿ ಏಳುವುದೂ ಆ ಪದರವೇ. ಹೀಗಾಗಿ ಕೆಲಸ ಶುರುವಾದ ಮೊದಲ ತಿಂಗಳಲ್ಲೇ, ಬೆಟ್ಟದ ಆಕಾರ ಇನ್ನೂ ಹಾಗೆಯೇ ಇರುವಾಗಲೇ, ಮನೆ ಹೋಗಿರುತ್ತದೆ. ಬಂದು ನೋಡಿದ ಅಧಿಕಾರಿಗೆ ಬೆಟ್ಟ ಶೇಕಡಾ ತೊಂಬತ್ತು ಉಳಿದಿದೆ ಎಂದು ತೋರಿದರೆ ಅದು ಅವರ ಕಣ್ಣಿನ ದೋಷವಲ್ಲ. ಘನ ಮೀಟರಿನಲ್ಲಿ ಅಳೆದರೆ ಅದು ನಿಜವೇ. ಓತಿಯ ಲೆಕ್ಕ ಘನ ಮೀಟರಿನದಲ್ಲ, ಸಂದಿನದು. ಕಡಿದ ಮರ ಮೂವತ್ತು ವರ್ಷಕ್ಕೆ ಬಂದೀತು. ಎಬ್ಬಿಸಿದ ಪದರ ಮತ್ತೆ ಏಳಲು ಮನುಷ್ಯರ ಇತಿಹಾಸ ಸಾಲದು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಬಂಡೆ ಓತಿ ಅಷ್ಟೇನೂ ದುರ್ಬಲವಲ್ಲ, ಬೆಂಗಳೂರಿನ ಹೊರವಲಯದ ಕಾಂಪೌಂಡು ಗೋಡೆ, ಇಟ್ಟಿಗೆ ರಾಶಿಗಳ ಮೇಲೆಯೂ ಅದು ಕಾಣುತ್ತದೆ ಎಂದು ತಿಳಿದವರು ಹೇಳುತ್ತಾರೆ. ಸರಿಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಥಾಕರ್ ಅವರ ತಂಡ ಈ ಓತಿಯನ್ನು ವರ್ಷಗಳಿಂದ ಅಭ್ಯಸಿಸುತ್ತಿದೆ. 2019ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಓತಿಗಳ ಮುಂದೆ ಎರಡು ಅಡಗುದಾಣಗಳನ್ನು ಇಡಲಾಯಿತು. ಒಂದು ಸುರಕ್ಷಿತ, ಇನ್ನೊಂದು ಅಲ್ಲ. ಯಾವುದು ಸುರಕ್ಷಿತ ಎಂಬುದನ್ನು ನಗರದಂಚಿನ ಓತಿಗಳು ಹಳ್ಳಿಗಾಡಿನ ಓತಿಗಳಿಗಿಂತ ಬೇಗ, ಕಡಿಮೆ ತಪ್ಪಿನೊಂದಿಗೆ ಕಲಿತವು. ಈ ಜಾಣತನ ಮೆಚ್ಚತಕ್ಕದ್ದೇ. ಆದರೆ ಅದು ಸಾಬೀತುಪಡಿಸುವುದೇನು? ಅಡಗುದಾಣವೊಂದು ಇದ್ದರೆ ಓತಿ ಅದನ್ನು ಕಂಡುಕೊಳ್ಳುತ್ತದೆ ಎಂಬುದನ್ನು. ಅಡಗುದಾಣವೇ ಇಲ್ಲದಲ್ಲಿ ಕಲಿಯುವುದಕ್ಕೆ ಪಾಠವೇ ಇರುವುದಿಲ್ಲ. ನಗರದಂಚು ಎಂಬುದು ಅರ್ಧ ಕಟ್ಟಿದ ಮನೆ, ಒರಟು ಗೋಡೆ, ನಡುನಡುವೆ ಉಳಿದ ಬಂಡೆಗಳ ಲೋಕ. ನಿವೇಶನಗಳೆಲ್ಲ ತುಂಬಿ, ಗೋಡೆಗಳಿಗೆ ಗಾರೆ ಬಳಿದು, ಕೊನೆಯ ಬಂಡೆಯನ್ನು ಸಿಡಿಸಿದ ಮೇಲೆ ಅಲ್ಲಿ ಉಳಿಯುವುದು ಬೇಲಿ ಓತಿಯೇ. ತುಮಕೂರು ನಗರ ಹರಡುತ್ತಿರುವ ದಿಕ್ಕಿನಲ್ಲಿ ಈ ಮಧ್ಯಂತರ ಸ್ಥಿತಿಯನ್ನೇ ಹೊಂದಾಣಿಕೆಯೆಂದು ಕರೆಯುವುದು ಅವಸರದ ತೀರ್ಮಾನ.

ಗುಬ್ಬಿಯತ್ತ ಸಾಗಿದರೆ ಕಥೆಯ ಪಾತ್ರ ಬದಲಾಗುತ್ತದೆ, ಕಥೆ ಅದೇ. ಇಲ್ಲಿ ಬಂಡೆಗಿಂತ ಬಯಲು ಹೆಚ್ಚು. ಊರುಗಳ ಹೆಸರಿನೊಂದಿಗೆ ಅಂಟಿಕೊಂಡ ‘ಕಾವಲ್’ ಎಂಬ ಪದ ಒಂದು ಕಾಲದಲ್ಲಿ ದನಗಳಿಗಾಗಿ ಕಾಯ್ದಿರಿಸಿದ್ದ ಹುಲ್ಲುಗಾವಲನ್ನು ನೆನಪಿಸುತ್ತದೆ. ಮೊಣಕಾಲೆತ್ತರ ಮೀರದ ಹುಲ್ಲು, ಅಲ್ಲಲ್ಲಿ ಬರಿಮಣ್ಣು, ಅಲ್ಲಲ್ಲಿ ಬೆಣಚುಕಲ್ಲು, ಇಂಥ ನೆಲಕ್ಕೆ ಬದ್ಧವಾದ ಓತಿಗಳೂ ಇವೆ. ಅವುಗಳಲ್ಲಿ ಬೀಸಣಿಗೆ ಗಂಟಲಿನ ಓತಿ ಮುಖ್ಯ. ಗಂಡು ಒಂದು ಸಣ್ಣ ಕಲ್ಲನ್ನೇರಿ ಗಂಟಲಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮಡಚಿ ಹೆಣ್ಣನ್ನು ಕರೆಯುತ್ತದೆ. ಆ ಬೀಸಣಿಗೆ ದೂರದವರೆಗೆ ಕಾಣಬೇಕಾದರೆ ನಡುವೆ ಮರೆ ಇರಬಾರದು. ಬಯಲೇ ಅದರ ರಂಗಸ್ಥಳ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆ ಬೇಡವಿತ್ತೆಂಬುದು ಇಲ್ಲಿನ ವಾದವಲ್ಲ. ದೇಶಕ್ಕೆ ಅದರ ಅಗತ್ಯವೇನೆಂದು ತೂಗುವುದು ಬೇರೆಯೇ ಚರ್ಚೆ. ಕಾವಲ್ ಎಂಬ ಹೆಸರಿನ ನೆಲವೊಂದು ಬಳಕೆ ಬದಲಿಸಿದಾಗ ಹೋದದ್ದೇನು ಎಂಬುದನ್ನು ಹೇಳುವ ಶಬ್ದ ಜನರ ಬಳಿ ಇಲ್ಲ ಎಂಬುದಷ್ಟೇ ಇಲ್ಲಿನ ಮಾತು. ಕಾಡು ಹೋದರೆ ಕಾಡು ಹೋಯಿತೆನ್ನಬಹುದು. ಬಯಲು ಹೋದರೆ ಖಾಲಿ ಜಾಗ ತುಂಬಿತು ಎನ್ನುತ್ತಾರೆ.

ಇನ್ನೂ ನೋವಿನ ಸಂಗತಿಯೆಂದರೆ ಪರಿಸರದ ಹೆಸರಿನಲ್ಲಿಯೇ ಈ ನೆಲೆಗಳಿಗೆ ಆಗುವ ಹಾನಿ. ಪ್ರತಿ ಜೂನ್ ಐದರಂದು ಸಸಿ ನೆಡಲು ಜಾಗ ಹುಡುಕುವ ಸಂಘಗಳಿಗೆ, ಶಾಲೆಗಳಿಗೆ ಕಣ್ಣಿಗೆ ಬೀಳುವುದು ಬೋಳು ಗುಡ್ಡ ಮತ್ತು ಖಾಲಿ ಕಾವಲ್. ಹಾಸುಬಂಡೆಯ ಮೇಲೆ ಮಣ್ಣು ಸುರಿದು, ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ, ನೀಲಗಿರಿಯೋ ಅಕೇಶಿಯವೋ ಹೊಂಗೆಯೋ ನೆಟ್ಟು ಚಿತ್ರ ತೆಗೆಸಿಕೊಳ್ಳುತ್ತಾರೆ. ಮರ ಬದುಕಿದರೆ ನೆರಳು ಬರುತ್ತದೆ. ನೆರಳು ಬಂದರೆ ಬಿಸಿಲಿನಿಂದ ಬದುಕುವ ಓತಿ ಹೋಗುತ್ತದೆ, ಅದರ ಬದಲು ಬೇಲಿ ಓತಿ ಬರುತ್ತದೆ. ಹಸಿರು ಹೆಚ್ಚಿತೆಂದು ವರದಿ ಬರೆಯುವವರಿಗೆ ಓತಿಯೂ ಕಾಣುವುದರಿಂದ ಸಂತೋಷ ಇಮ್ಮಡಿಯಾಗುತ್ತದೆ. ಮಲೆನಾಡಿನ ಕಣ್ಣಿನಿಂದ ಬಯಲುಸೀಮೆಯನ್ನು ನೋಡುವ ಈ ರೋಗ ಪರಿಸರ ಚಳವಳಿಗೂ ಅಂಟಿದೆ ಎಂದು ಒಪ್ಪಿಕೊಳ್ಳುವುದು ಒಳಿತು.

ಬಂಡೆಯನ್ನು ಬಂಡೆಯಾಗಿಯೇ ಉಳಿಸಿದ ಉದಾಹರಣೆ ಹತ್ತಿರದಲ್ಲೇ ಇದೆ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಕಡಿದಾದ ಬಂಡೆಯ ಚಾಚಿನಲ್ಲಿ ಗೂಡುಕಟ್ಟುವ ಹಕ್ಕಿಗೆ ಬಂಡೆಯೇ ಕಾಡು ಎಂಬುದನ್ನು ಸರ್ಕಾರ ಆಗ ಒಪ್ಪಿತು. ದೇವರಾಯನದುರ್ಗದ ಇಳಿಜಾರುಗಳಲ್ಲಿ ಕಾಣಸಿಗುವ ಹಳದಿ ಕೊರಳಿನ ಪಿಕಳಾರವೂ ಇಂಥ ಕಲ್ಲುಗುಡ್ಡದ ಕುರುಚಲಿಗೆ ಬದ್ಧವಾದ, ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ. ಹದ್ದಿಗೆ, ಪಿಕಳಾರಕ್ಕೆ ದೊಡ್ಡ ಬೆಟ್ಟ ಬೇಕು. ಓತಿಗೆ ಊರ ಹಿಂದಿನ ಎರಡೆಕರೆ ಹಾಸುಗಲ್ಲೂ ಸಾಕು. ಆ ಎರಡೆಕರೆಗೆ ಧಾಮದ ಘೋಷಣೆ ಬರುವುದಿಲ್ಲ. ಅದನ್ನು ಊರೇ ನೋಡಿಕೊಳ್ಳಬೇಕು.

ಕಾನೂನಿನಲ್ಲಿ ಅದಕ್ಕೆ ಎಡೆ ಇಲ್ಲದಿಲ್ಲ. ಐದು ಹೆಕ್ಟೇರಿಗಿಂತ ಕಡಿಮೆಯ ಕಿರುಖನಿಜ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಕಲ್ಲುಪುಡಿ ಘಟಕಗಳನ್ನು ನಿಯಂತ್ರಿಸುವ ರಾಜ್ಯದ ಕಾಯ್ದೆ ಊರು, ಶಾಲೆ, ದೇಗುಲ, ಹೆದ್ದಾರಿಗಳಿಂದ ಇರುವ ದೂರವನ್ನು ಅಳೆಯುತ್ತದೆ. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಉಳಿಯುವ ದೂರವನ್ನು ಯಾವ ಕಾಯ್ದೆಯೂ ಅಳೆಯುವುದಿಲ್ಲ. ಆ ಕೆಲಸಕ್ಕೆ 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾಗುವ ಪಂಚಾಯಿತಿ ಮಟ್ಟದ ಸಮಿತಿಯೇ ಗತಿ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಔಷಧೀಯ ಗಿಡಗಳ, ಭತ್ತದ ತಳಿಗಳ ಪಟ್ಟಿ ಇರುತ್ತದೆ. ಊರ ಬಂಡೆಗಳ ಪಟ್ಟಿ ಇರುವ ದಾಖಲಾತಿ ಎಷ್ಟಿವೆ? ಅದೇ ಕಾಯ್ದೆಯ ಅನ್ವಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ತೋಪಿಗೆ ಸಿಕ್ಕ ಮನ್ನಣೆ ಒಂದು ಹಾಸುಬಂಡೆಗೆ ಸಿಗಬಾರದೆಂದು ಯಾವ ಕಲಮೂ ಹೇಳುವುದಿಲ್ಲ. ಗುತ್ತಿಗೆ ಕೊಡಲೇಬೇಕಾದಲ್ಲಿಯೂ ಬೆಟ್ಟದ ಮೇಲ್ಪದರವನ್ನೆಲ್ಲ ಒಮ್ಮೆಗೇ ಸುಲಿಯದೆ, ಒಂದು ಮಗ್ಗುಲನ್ನು ಬುಡದಿಂದ ತುದಿಯವರೆಗೆ ಮುಟ್ಟದೆ ಬಿಡಬೇಕೆಂಬ ಷರತ್ತನ್ನು ಗ್ರಾಮಸಭೆ ಠರಾವಿನಲ್ಲಿ ಕೇಳಬಹುದು. ಹೊಲದ ನಡುವಿನ ಗುಂಡುಕಲ್ಲುಗಳನ್ನು ಗುತ್ತಿಗೆಯ ವ್ಯಾಪ್ತಿಯಿಂದ ಹೊರಗಿಡಬೇಕೆಂದೂ ಕೇಳಬಹುದು.

ಹಾಗೆ ಕೇಳುವವರ ಕೈಯಲ್ಲಿ ಲೆಕ್ಕವೊಂದು ಇರಬೇಕು. ಅದಕ್ಕೆ ದೂರದ ವಿಜ್ಞಾನಿ ಬರಬೇಕಿಲ್ಲ, ಪ್ರೌಢಶಾಲೆಯ ನಾಲ್ವರು ವಿದ್ಯಾರ್ಥಿಗಳು ಸಾಕು. ಮೇ ತಿಂಗಳಿಂದ ಆಗಸ್ಟಿನವರೆಗೆ, ಮಳೆಯಿಲ್ಲದ ದಿನ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ, ಪ್ರತಿಸಲವೂ ಅದೇ ದಾರಿಯಲ್ಲಿ ಬಂಡೆಯ ಮೇಲೆ ನಿಧಾನವಾಗಿ ನಡೆಯಬೇಕು. ಕೆಂಪು ಗಂಡು ಎಷ್ಟು, ಕಂದು ಹೆಣ್ಣು ಮತ್ತು ಮರಿಗಳು ಎಷ್ಟು, ಯಾವುದು ತುದಿಯಲ್ಲಿತ್ತು, ಯಾವುದು ಬುಡದಲ್ಲಿತ್ತು, ಹೆದರಿದಾಗ ಯಾವ ಸಂದಿಗೆ ಓಡಿತು ಎಂದು ಬರೆದುಕೊಳ್ಳಬೇಕು. ಹಿಡಿಯಬಾರದು, ಕಲ್ಲು ಎತ್ತಿ ನೋಡಬಾರದು. ಮರುವಾರ ಪಕ್ಕದ ಬಂಡೆ, ಅದರ ಮರುವಾರ ಹೊಲದ ನಡುವಿನ ಕಲ್ಲುಗುಪ್ಪೆ. ನೋಟುಬುಕ್ಕಿನ ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದನ್ನು ಸರ್ವೆ ನಂಬರು ಬರೆದು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ದಾಖಲಾತಿಯ ಪುಟಕ್ಕೆ ಅದು ಏರಬೇಕಾದದ್ದು ಗುತ್ತಿಗೆಯ ಅರ್ಜಿ ಬರುವ ಮುಂಚೆ.